ಒನ್‌ಕೇವಜ್ಜಿಯ ನೀರಂಚಿನ ಮಡಿ

“ಈ ನದಿ ನನ್ನ ಕೇಳ್ದೆ ಒಂದು ಬೆರಳಷ್ಟೂ ಏರಲ್ಲ, ಒಂದು ಬೆರಳಷ್ಟೂ ಇಳಿಯಲ್ಲ” ಎಂದು ಒನ್‌ಕೇವಜ್ಜಿ ಹೇಳುತ್ತಿದ್ದಳು. ಸೊಪ್ಪು ಕೊಳ್ಳಲು ಬಂದವರಿಗೆ ಹೇಳುತ್ತಿದ್ದಳು, ದಾರಿ ಕೇಳಲು ನಿಂತವರಿಗೆ ಹೇಳುತ್ತಿದ್ದಳು, ಯಾರೂ ಸಿಗದ ದಿನ ಬಾತುಕೋಳಿಗಳನ್ನು ಕೂರಿಸಿಕೊಂಡು ಹೇಳುತ್ತಿದ್ದಳು. ಮೆಕಾಂಗ್ ನದಿ ಎಲ್ಲಿಯೋ ಹಿಮದ ಬೆಟ್ಟದಲ್ಲಿ ಹುಟ್ಟಿ, ಅಷ್ಟು ದೂರ ಬಂಡೆಗಳಿಗೆ ಮೈ ತಾಗಿಸಿಕೊಂಡು ಬರುವುದೇ ಲುವಾಂಗ್ ಪ್ರಬಾಂಗ್ ಪೇಟೆಗೆ ತುಸು ಮೇಲಿರುವ ನಮ್ಮ ಹಳ್ಳಿಯಲ್ಲಿ ನಿಂತು ಅವಳ ಅಪ್ಪಣೆ ಪಡೆಯುವುದಕ್ಕೆ ಎಂಬುದು ಅವಳ ನಂಬಿಕೆ. ಊರಿನವರ ನಂಬಿಕೆಯೂ ಹೆಚ್ಚುಕಡಿಮೆ ಅದೇ ಆಗಿತ್ತು. ನಂಬುವುದಿಲ್ಲ ಎಂದವರಿಗೆ ಅವಳು ಸೊಪ್ಪು ಕೊಡುತ್ತಿರಲಿಲ್ಲ.

ಮಳೆಗಾಲದಲ್ಲಿ ನಮ್ಮ ನದಿ ದಂಡೆಯನ್ನು ಪೂರ್ತಿ ನುಂಗಿ, ಮೇಲಿನ ರಸ್ತೆಯ ಅತ್ತಿಮರದ ಬೇರಿಗೆ ಬಾಯಿ ಹಾಕುತ್ತದೆ. ಮಳೆ ಹಿಂದೆಗೆದು ಬೆಳಗಿನ ಗಾಳಿ ತೆಳ್ಳಗಾದಾಗ ನೀರು ಇಳಿಯತೊಡಗುತ್ತದೆ. ಇಳಿಯುತ್ತ ಇಳಿಯುತ್ತ ದಂಡೆಯ ಮೇಲೆ ಮೆಕ್ಕಲು ಬಿಟ್ಟು ಹೋಗುತ್ತದೆ. ಆ ಮಣ್ಣಿನ ಕಸುವು ಎಂಥದ್ದೆಂದರೆ, ಒಮ್ಮೆ ಮುದುಕನೊಬ್ಬ ಅದರಲ್ಲಿ ಊರುಗೋಲು ಚುಚ್ಚಿ ಪಕ್ಕಕ್ಕೆ ಹೋಗಿ ಎಲೆಅಡಿಕೆ ಉಗುಳಿ ಬರುವಷ್ಟರಲ್ಲಿ ಊರುಗೋಲಿನಲ್ಲಿ ಹಕ್ಕಿ ಗೂಡು ಕಟ್ಟಿತ್ತು. ಮರಿಗಳು ಹಾರಿಹೋಗುವ ತನಕ ಪಾಪ ಅವನು ಕುಂಟುತ್ತಲೇ ಓಡಾಡಿದ. ಇಂಥ ಮಣ್ಣನ್ನು ಯಾರು ಬಿಟ್ಟಾರು? ನೀರು ಒಂದು ಮೆಟ್ಟಿಲು ಇಳಿದರೆ ಹೆಂಗಸರು ಒಂದು ಮೆಟ್ಟಿಲು ಇಳಿಯುತ್ತಾರೆ. ಮೇಲಿನ ಮಡಿಗೆ ಸಾಸಿವೆ ಸೊಪ್ಪು, ಅದರ ಕೆಳಗೆ ಈರುಳ್ಳಿ, ಬೆಳ್ಳುಳ್ಳಿ, ಮತ್ತೂ ಕೆಳಗೆ ಸಬ್ಬಸಿಗೆ, ಕೊತ್ತಂಬರಿ. ಕೊಟ್ಟಕೊನೆಗೆ, ನೀರು ಕಾಲು ನೆಕ್ಕುವಲ್ಲಿ, ಹಸಿಯಾಗಿಯೇ ತಿನ್ನುವ ಸಲಾಡ್ ಸೊಪ್ಪು. ಒನ್‌ಕೇವಜ್ಜಿಯ ಸೊಪ್ಪಿನ ಎಲೆಗೆ ಕೆಂಪು ಅಂಚು. ಆ ಬೀಜ ಅವಳ ತಾಯಿಯದು. ಊರಿನಲ್ಲಿ ಮತ್ತೆ ಯಾರ ಬಳಿಯೂ ಇಲ್ಲ.

ನದಿಯ ದಂಡೆಗೆ ಕಾಗದಪತ್ರ ಇಲ್ಲ. ವರ್ಷದಲ್ಲಿ ಅರ್ಧಭಾಗ ನೀರಿನಡಿ ಇರುವ ನೆಲಕ್ಕೆ ಯಾರು ಪತ್ರ ಮಾಡಿಕೊಡುತ್ತಾರೆ? ಇರುವುದು ಪದ್ಧತಿ. ಭಿಕ್ಷುಗಳ ಮಳೆಗಾಲದ ವ್ರತ ಮುಗಿಯುವ ಹುಣ್ಣಿಮೆಯ ಬೆಳಿಗ್ಗೆ ಊರಿನ ಮುಖ್ಯಸ್ಥ ದಂಡೆಯುದ್ದಕ್ಕೂ ನಡೆದು ಬರುತ್ತಾನೆ. ಯಾರ ಪಾಲಿನ ನೆಲದ ಪಟ್ಟಿ ಮೇಲಿಂದ ನೀರಂಚಿನ ತನಕ ಹಸಿರಾಗಿದೆಯೋ ಅದು ಅವರದು. ಎರಡು ವರ್ಷ ಒಂದರ ಹಿಂದೊಂದು ಬೋಳು ಬಿದ್ದರೆ ಪಕ್ಕದವರಿಗೆ ಹೋಯಿತು. ಸಂಜೆ ಎಲ್ಲರೂ ಕೂಡಿ ಬಾಳೆದಿಂಡಿನ ದೀಪದ ದೋಣಿ ತೇಲಿಬಿಟ್ಟು, ಬೆಳಗಿನ ಜಗಳ ಮರೆಯುತ್ತಾರೆ.

ಹೋದ ವರ್ಷ ಅಜ್ಜಿಯ ಮಂಡಿಗಳು ಕೈಕೊಟ್ಟಿದ್ದವು. ಕೆಳಗಿನ ಮಡಿಯ ತನಕ ಇಳಿಯಲಾಗಲಿಲ್ಲ. ಈ ವರ್ಷ ನೀರು ಇಳಿಯುವ ಮೊದಲೇ ಮುಖ್ಯಸ್ಥ ಫೂವಾಂಗ್ ಅವಳ ಮನೆಗೆ ಬಂದ. ಕಂಬದ ಮೇಲಿನ ಮನೆ. ಅವಳು ಕೆಳಗೆ ನೆರಳಲ್ಲಿ ಹಲಗೆಯ ಮೇಲೆ ಕೂತು ಹುಣಿಸೆ ಬೀಜ ಬಿಡಿಸುತ್ತಿದ್ದಳು.

“ದೊಡ್ಡಮ್ಮ, ಮಂಡಿ ಹೇಗಿದಾವೆ?”

“ಎರಡೂ ಇದಾವೆ.”

“ಅಲ್ಲ, ಹೋದ ವರ್ಷ ಕೆಳಗಿನ ಮಡಿ ಹಾಗೇ ಬಿದ್ದಿತ್ತಲ್ಲ. ಜನ ಏನೇನೋ ಅಂತಿದಾರೆ.”

“ಜನ ಅಂದ್ರೆ ಸೂಫಾನ್ ಒಬ್ನೇ ತಾನೆ? ಅವನು ಯಾವಾಗಿಂದ ಜನ ಆದ?”

ಸೂಫಾನ್ ಎಂದರೆ ಅವಳ ಪಟ್ಟಿಗೆ ಅಂಟಿಕೊಂಡಂತೆ ನದಿಯ ಕೆಳಮುಖಕ್ಕೆ ಇರುವ ಪಟ್ಟಿಯವನು. ಒಂದು ಕಾಲದಲ್ಲಿ ದೋಣಿ ನಡೆಸುತ್ತಿದ್ದ. ಈಗ ಪಂಪ್‌ಸೆಟ್ ಇಟ್ಟುಕೊಂಡು, ಪ್ಯಾಕೆಟ್ ಬೀಜದ ಎಲೆಕೋಸು ಬೆಳೆಯುತ್ತಾನೆ. ಅವನ ಸಾಲುಗಳು ಎಷ್ಟು ನೆಟ್ಟಗಿವೆಯೆಂದರೆ ಅವನ ಮಡಿಗೆ ಬಂದ ಮಿಡತೆಗಳೂ ಸಾಲಾಗಿ ನಿಂತು ತಿನ್ನುತ್ತವೆ.

ಫೂವಾಂಗ್ ತಲೆ ಕೆರೆದುಕೊಂಡ. “ಪದ್ಧತಿ ನಾನು ಮಾಡಿದ್ದಲ್ಲ ದೊಡ್ಡಮ್ಮ. ಹುಣ್ಣಿಮೆ ದಿನ ನೀರಂಚಿಗೆ ಹಸಿರು ಕಂಡ್ರೆ ಸರಿ. ಇಲ್ದಿದ್ರೆ...”

“ಇಲ್ದಿದ್ರೆ ಅನ್ನೋ ಮಾತು ನಿಮ್ಮನೇಲಿ ಇಟ್ಕೋ. ಹುಣಿಸೆಹಣ್ಣು ತಗೊಂಡು ಹೋಗು.”

ಅವನು ಹೋದ ಮೇಲೆ ಅವಳ ಕೈ ಹುಣಿಸೆಯಲ್ಲಿ ಹಾಗೇ ನಿಂತಿತು. ಮಗಳು ಡಾಲಾ ಮೇಲಿನ ರಸ್ತೆಯಲ್ಲಿ ನೂಡಲ್ಸ್ ಅಂಗಡಿ ಇಟ್ಟವಳು. ಎಲ್ಲವನ್ನೂ ಮೆಟ್ಟಿಲ ಮೇಲಿಂದ ಕೇಳಿಸಿಕೊಂಡಿದ್ದಳು.

“ಬಿಟ್ಬಿಡಮ್ಮ. ಅಂಗಡಿಗೆ ಬೇಕಾದ ಸೊಪ್ಪು ಲಾರೀಲಿ ಬರುತ್ತೆ. ನೀನು ದಂಡೆ ಮೇಲೆ ಜಾರಿ ಬಿದ್ರೆ ನಾನು ಅಂಗಡಿ ನೋಡ್ಲಾ, ನಿನ್ನ ನೋಡ್ಲಾ?”

“ಲಾರಿ ಸೊಪ್ಪಿಗೆ ರುಚಿ ಎಲ್ಲಿದೆ? ಅರ್ಧ ದಾರೀಲೇ ಡ್ರೈವರ್ ಬೀಡಿ ವಾಸನೆ ಕಲ್ತಿರುತ್ತೆ.”

ಸೊಪ್ಪಿನ ರುಚಿ ಬರೀ ನೆಪ ಎಂದು ಡಾಲಾಳಿಗೂ ಗೊತ್ತಿತ್ತು. ಅಜ್ಜಿಯ ಬದುಕಿನಲ್ಲಿ ನಡೆದದ್ದೆಲ್ಲ ನಡೆದದ್ದು ಆ ಪಟ್ಟಿಯ ಮೇಲೆಯೇ. ಅವಳು ನಡೆಯಲು ಕಲಿತದ್ದು ಅಲ್ಲಿ, ತಾಯಿ ಉಂಡೆಯಂತೆ ಉರುಟಾದ ಮಗುವನ್ನು ಬೆಳ್ಳುಳ್ಳಿ ಸಾಲಿನ ನಡುವೆ ಬಿಟ್ಟು ಬೀಜ ಎರಚುತ್ತಿದ್ದಾಗ. ಆಗ ದಂಡೆ ಈಗಿನಂತೆ ಮೌನವಾಗಿರಲಿಲ್ಲ. ಸಂಜೆ ಬಿಸಿಲು ಎದುರುದಂಡೆಯ ಬೆಟ್ಟದ ಹಿಂದೆ ಜಾರುವ ಹೊತ್ತಿಗೆ ಊರಿಗೆ ಊರೇ ಕೆಳಗಿಳಿಯುತ್ತಿತ್ತು. ಹೆಂಗಸರು ಅಡ್ಡೆ ಹೊತ್ತು, ಎರಡೂ ತುದಿಗೆ ಡಬ್ಬ ತೂಗುಹಾಕಿ ನದಿಯಿಂದ ನೀರು ತರುತ್ತಿದ್ದರು. ಒಂದು ಮಡಿಯಿಂದ ಇನ್ನೊಂದು ಮಡಿಗೆ ಬೈಗುಳ, ನಗು, ಒಂದು ಹಿಡಿ ಸಬ್ಬಸಿಗೆ, ಯಾರದೋ ಮದುವೆಯ ಸುದ್ದಿ, ಎಲ್ಲ ಒಂದೇ ವೇಗದಲ್ಲಿ ದಾಟುತ್ತಿದ್ದವು. ಕೆಳಗೆ ಗಂಡುಹುಡುಗರು ಸ್ನಾನ ಮಾಡುತ್ತಿದ್ದರು. ಆ ತಿಂಗಳುಗಳಲ್ಲಿ ನಮ್ಮೂರ ಗಂಡುಹುಡುಗರಷ್ಟು ಶುಭ್ರವಾದ ಗಂಡುಹುಡುಗರು ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ. ಕೆಲವರು ಉಜ್ಜಿ ಉಜ್ಜಿ ಅರ್ಧ ಸವೆದುಹೋಗಿದ್ದರು.

ಅವರಲ್ಲೊಬ್ಬ ಬುನ್‌ಥಿಯೆಂಗ್. ಸ್ನಾನ ಸಾಕಾಗಿ, ಒಂದು ಸಂಜೆ ಅವಳ ಅಡ್ಡೆ ಕಸಿದುಕೊಂಡು “ನಾನು ತರ್ತೀನಿ, ಬಿಡು” ಎಂದ. ಡಬ್ಬದಲ್ಲಿ ನೀರು ತುಂಬಿ ಮೇಲೆ ಬರುವಷ್ಟರಲ್ಲಿ ಡಬ್ಬ ಖಾಲಿ. ಮತ್ತೆ ಇಳಿದ, ಮತ್ತೆ ಖಾಲಿ. ಆ ತಿಂಗಳು ಪೂರ್ತಿ ಅವನು ನೀರು ಹೊತ್ತದ್ದೇ ಹೊತ್ತದ್ದು, ಮಡಿ ನೆನೆದದ್ದಕ್ಕಿಂತ ದಾರಿ ನೆನೆದದ್ದು ಹೆಚ್ಚು. ಅವನು ಓಡಾಡಿದ ದಾರಿಯಲ್ಲಿ ಯಾರೂ ಬಿತ್ತದ ಕೊತ್ತಂಬರಿ ಹುಟ್ಟಿ ಸೊಂಟದ ಎತ್ತರಕ್ಕೆ ಬೆಳೆದಿತ್ತು ಎನ್ನುತ್ತಾರೆ. ಮೊಳಕಾಲಿನ ಎತ್ತರಕ್ಕಾದರೂ ಇತ್ತು. ಕೊನೆಗೆ ಒನ್‌ಕೇವ್ ಡಬ್ಬ ಬೋರಲು ಹಾಕಿ ನೋಡಿದಳು. ತಳಕ್ಕೆ ಮೊಳೆಯಿಂದ ನೀಟಾಗಿ ತೂತು ಹೊಡೆದಿತ್ತು.

“ಯಾರು ಮಾಡಿದ್ದು ಇದು?”

“ನಾನೇ. ಡಬ್ಬ ಗಟ್ಟಿ ಇದ್ದಿದ್ರೆ ಎರಡು ಸಲಕ್ಕೆ ಕೆಲಸ ಮುಗಿದುಹೋಗ್ತಿತ್ತು.”

ಮದುವೆಯಾಯಿತು. ಅವರ ಎಷ್ಟೋ ಮಾತುಕತೆ, ಎಷ್ಟೋ ಮುನಿಸು, ಡಾಲಾಳ ಹೆಸರಿಟ್ಟದ್ದು, ಎಲ್ಲ ಆ ಮಡಿಗಳ ನಡುವೆಯೇ. ಬುನ್‌ಥಿಯೆಂಗ್ ತೀರಿಹೋಗಿ ಕೆಲವು ವರ್ಷಗಳಾದವು. ಆದರೂ ಕೆಳಗಿನ ಮಡಿಯಲ್ಲಿ ಕೂತು ಸೊಪ್ಪು ಕೀಳುವಾಗ ಅವಳು ಕೆಲವೊಮ್ಮೆ ನೀರಿನ ಕಡೆ ತಿರುಗಿ, “ಸಾಕು, ಒದ್ದೆಯಾಗಿದೆ” ಎನ್ನುತ್ತಿದ್ದಳು. ಅಲ್ಲಿ ಸೂಫಾನನ ಎಲೆಕೋಸು ಎದ್ದರೆ ಆ ಮಾತನ್ನು ಎಲ್ಲಿ ಕೂತು ಆಡುವುದು?

ಆದ್ದರಿಂದ ಅವಳು ಸಿಪಿಲೆ ಹಕ್ಕಿಯ ದಾರಿ ಕಾಯತೊಡಗಿದಳು. ಬಾಲ ಕುಣಿಸುವ ಆ ಪುಟ್ಟ ಹಕ್ಕಿ ಉತ್ತರದಿಂದ ಬಂದು ಹಸಿ ಮೆಕ್ಕಲಿನ ಮೇಲೆ ಓಡಾಡಿತೆಂದರೆ ನದಿ ಇನ್ನು ಏರುವುದಿಲ್ಲ ಎಂದು ಲೆಕ್ಕ. ತಾಯಿಯ ಕಾಲದಿಂದ ಆ ಲೆಕ್ಕ ತಪ್ಪಿದ್ದಿಲ್ಲ. ಒಂದು ಬೆಳಿಗ್ಗೆ ಹಕ್ಕಿ ಬಂತು. ನೀರು ಸರಸರನೆ ಇಳಿದು ಕೆಳಗಿನ ಮಡಿ ಎಮ್ಮೆಯ ಬೆನ್ನಿನಂತೆ ಹೊಳೆಯುತ್ತಿತ್ತು.

ಮಾಮೂಲಾಗಿ ಬಿತ್ತನೆ ಮೇಲಿನಿಂದ ಕೆಳಕ್ಕೆ. ಈ ಸಲ ಅಜ್ಜಿಗೆ ಹುಣ್ಣಿಮೆಯ ಹೆದರಿಕೆ. ಕೆಳಗಿನ ಮಡಿಯೇ ಮೊದಲು ಎಂದಳು. ಮಂಡಿ ಒಪ್ಪಲಿಲ್ಲ, ಅದಕ್ಕೆ ಅವಳು ಮಂಡಿಯನ್ನು ಕೇಳಲೇ ಇಲ್ಲ. ಅತ್ತಿಮರದ ಬುಡದಲ್ಲಿ ಕೂತವಳು ಕೂತಂತೆಯೇ ಮೆಟ್ಟಿಲಿಂದ ಮೆಟ್ಟಿಲಿಗೆ ಜಾರಿದಳು. ಮಡಿಯನ್ನು ಬೆರಳಲ್ಲೇ ಕೆದಕಿ, ಮಣ್ಣನ್ನು ಹಿಟ್ಟಿನಂತೆ ಮಾಡಿ, ತಾಯಿಯ ಬೀಜಕ್ಕೆ ಬೂದಿ ಬೆರೆಸಿ ಎರಚಿದಳು. ಎಲ್ಲವನ್ನೂ ಎರಚಿದಳು. ಒಂದು ಚಿಟಿಕೆಯಾದರೂ ಎತ್ತಿಡುವುದು ಬುದ್ಧಿವಂತಿಕೆ, ಆದರೆ ನೀರಂಚು ಪೂರ್ತಿ ಹಸಿರು ಕಾಣಬೇಕಿತ್ತು. ಮೇಲೆ ಭತ್ತದ ಹುಲ್ಲು ಹೊದಿಸಿ ನೀರು ಚಿಮುಕಿಸಿದಳು.

ಪಕ್ಕದ ಪಟ್ಟಿಯಲ್ಲಿ ಸೂಫಾನ್ ಬಿದಿರ ಬೇಲಿ ಬಿಗಿಯುತ್ತಿದ್ದ. “ಅತ್ತಿಗೆ, ಇಷ್ಟು ಬೇಗ ಕೆಳಗೆ ಹಾಕ್ಬೇಡಿ. ಮೊದ್ಲಿನ ನದಿ ಅಲ್ಲ ಇದು. ಮೇಲೆಲ್ಲೋ ಅಣೆಕಟ್ಟಿನ ಬಾಗಿಲು ತೆಗೆದ್ರೆ ಮತ್ತೆ ಏರುತ್ತೆ.”

“ನೀನು ದೋಣಿ ನಡೆಸ್ತಿದ್ದಾಗ ಬಂಡೆ ಎಲ್ಲಿದೆ ಅಂತ ಗೊತ್ತಾಗ್ತಿದ್ದದ್ದು ಬಂಡೆಗೆ ಗುದ್ದಿದ ಮೇಲೆ. ನಂಗೆ ನದಿ ಹೇಳ್ಕೊಡ್ಬೇಡ.”

ನದಿಗೆ ಈಗ ಫೋನಿನಲ್ಲಿ ಅಪ್ಪಣೆ ಬರುತ್ತದೆ, ಅದು ಅಜ್ಜಿಯನ್ನಾಗಲಿ ಸಿಪಿಲೆಯನ್ನಾಗಲಿ ಕೇಳುವುದಿಲ್ಲ ಎಂಬುದು ಅವಳಿಗೆ ಗೊತ್ತಾದದ್ದು ಬೀಜ ಬಿರಿಯುವ ಹೊತ್ತಿಗೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಕೆಳಗಿನ ಮಡಿ ಇಲ್ಲ. ಇದ್ದ ಜಾಗದಲ್ಲಿ ಕಂದು ನೀರು, ಏನೂ ಆಗದವರಂತೆ, ತಿರುಗುತ್ತ ಹೋಗುತ್ತಿತ್ತು. ಸಿಪಿಲೆ ಹಕ್ಕಿ ಅವಳ ಮನೆಯ ಮೆಟ್ಟಿಲ ಮೇಲೆ ಕೂತಿತ್ತು. ಅದಕ್ಕೂ ಮುಖ ಎತ್ತಲು ಆಗುತ್ತಿರಲಿಲ್ಲ.

ನೀರು ಒಂದೆರಡು ದಿನ ನಿಂತು, ಬಂದ ಹಾಗೇ ಇಳಿಯಿತು. ಅಜ್ಜಿಯ ಮಡಿಯ ಮೇಲೆ ನುಣ್ಣನೆಯ ಹೊಸ ಮೆಕ್ಕಲು. ಹುಲ್ಲಿನ ಒಂದು ಎಳೆಯೂ ಇಲ್ಲ. ಸೂಫಾನ್ ತನ್ನ ಕೆಳಗಿನ ಮಡಿಯಲ್ಲಿ ಇನ್ನೂ ಏನೂ ನೆಟ್ಟಿರಲಿಲ್ಲ, ಅದರಿಂದ ಅವನಿಗೆ ನಷ್ಟವಿಲ್ಲ; ಅವನು ಅಗೆಯ ಮಡಿಯಿಂದ ಎಲೆಕೋಸಿನ ಸಸಿ ತಂದು ನೆಟ್ಟ. ಅವನ ಬೇಲಿಗೆ ಹುಲ್ಲಿನ ದೊಡ್ಡ ಗುಪ್ಪೆ ಸಿಕ್ಕಿಕೊಂಡಿತ್ತು. ಅಂಥ ಒಳ್ಳೆಯ ಹುಲ್ಲನ್ನು ಯಾರು ಎಸೆಯುತ್ತಾರೆ? ಬಿಡಿಸಿ, ಬಾಚಿ, ತನ್ನ ಮಡಿಗೆ ಒಪ್ಪವಾಗಿ ಹರಡಿ, ಪಂಪ್ ಹಾಕಿ ಬೆಳಿಗ್ಗೆ ಸಂಜೆ ನೀರು ಕೊಟ್ಟ.

ಅಜ್ಜಿ ಮೇಲಿನ ರಸ್ತೆಯಿಂದ ಅದನ್ನು ನೋಡಿದಳು. “ನೋಡೇ ಡಾಲಾ, ನನ್ನ ಹುಲ್ಲನ್ನೂ ಬಿಡಲಿಲ್ಲ ಅವನು. ಪಟ್ಟಿಗೆ ಮುಂಗಡ ತಗೊಂಡಿದಾನೆ.”

“ಹುಲ್ಲಿನ ಮೇಲೆ ನಿನ್ನ ಹೆಸರು ಬರೆದಿತ್ತೇನಮ್ಮ?”

“ಹುಲ್ಲು ಹೊದಿಸೋಕೆ ನಾನು ಕೂತ್ಕೊಂಡು ಇಳಿದಿದ್ದೀನಿ. ನನ್ನ ಸುತ್ತುಲಂಗದ ಹಿಂಭಾಗಾನ ಕೇಳು, ಅದು ಹೇಳುತ್ತೆ.”

ಆಮೇಲೆ ಅವಳು ಮಾತು ಕಡಿಮೆ ಮಾಡಿದಳು. ಬಾತುಕೋಳಿಗಳು ಗಾಬರಿಯಾಗಿ ಅವಳ ಸುತ್ತ ಸುಳಿದವು. ಬೇರೆ ಬೀಜ ಹಾಕೋಣವೆಂದರೆ ಹುಣ್ಣಿಮೆಗೆ ಹಸಿರಾಗುವಷ್ಟು ದಿನ ಉಳಿದಿರಲಿಲ್ಲ, ಮತ್ತೊಮ್ಮೆ ಜಾರಿ ಇಳಿಯುವ ಮನಸ್ಸೂ ಉಳಿದಿರಲಿಲ್ಲ. ಸಂಜೆ ಅತ್ತಿಮರದ ಕೆಳಗೆ ಕೂತು ದಂಡೆ ನೋಡುತ್ತಿದ್ದಳು. ಅಡ್ಡೆಗಳ ಕಿರುಗುಟ್ಟುವಿಕೆ ಇಲ್ಲ, ಒಂದು ಪಂಪಿನ ಗುಡುಗುಡು ಮಾತ್ರ. ತಾಯಿ ಸಾಯುವ ಮುನ್ನ ಅವಳ ಅಂಗೈಗೆ ಬೀಜ ಸುರಿದು, ಬೆರಳು ಮಡಚಿ, ಮೇಲೆ ತನ್ನ ಕೈ ಇಟ್ಟಿದ್ದಳು. ಆ ಕೈಯ ಬಿಸುಪು ನೆನಪಾಯಿತು. ಬೀಜವೂ ಹೋಯಿತು, ಇನ್ನು ನೆಲವೂ ಹೋಗುವುದಾದರೆ, ಫೂವಾಂಗ್ ಬಾಯಿ ತೆರೆಯುವ ಮೊದಲೇ ತಾನಾಗಿ ಕೊಟ್ಟುಬಿಡುವುದು ಎಂದು ನಿಶ್ಚಯಿಸಿದಳು. ಕಿತ್ತುಕೊಂಡರು ಅನ್ನಿಸಿಕೊಳ್ಳುವುದಕ್ಕಿಂತ ಕೊಟ್ಟಳು ಅನ್ನಿಸಿಕೊಳ್ಳುವುದು ಮೇಲು.

ಹುಣ್ಣಿಮೆಯ ಬೆಳಿಗ್ಗೆ ಭಿಕ್ಷುಗಳಿಗೆ ಅಂಟನ್ನ ನೀಡಿ, ಒಳ್ಳೆಯ ಸುತ್ತುಲಂಗ ಉಟ್ಟು, ಅದೇ ಲಂಗದಲ್ಲೇ ಮೆಟ್ಟಿಲು ಮೆಟ್ಟಿಲು ಕೂತು ಇಳಿದಳು. ಡಾಲಾ ಹಿಂದಿನಿಂದ ಬೈಯುತ್ತ, ಹೆಗಲು ಹಿಡಿದುಕೊಂಡು ಇಳಿದಳು. ಫೂವಾಂಗ್ ಕೆಳಗೆ ಆಗಲೇ ನಿಂತಿದ್ದ. ಮೇಲಿನ ಮಡಿಗಳಲ್ಲಿ ಸಾಸಿವೆ ಎದ್ದಿತ್ತು, ಡಾಲಾ ಬೈಯುತ್ತಲೇ ಬಿತ್ತಿದ್ದು. ಕೆಳಗಿನದು ಬೋಳು.

ಅಜ್ಜಿ ಗಂಟಲು ಸರಿಮಾಡಿಕೊಂಡಳು. “ಫೂವಾಂಗ್, ಒಂದು ಮಾತು ಹೇಳ್ಬೇಕು...”

ಅಷ್ಟರಲ್ಲಿ ಪಕ್ಕದಿಂದ ಸೂಫಾನ್ ಗೊಣಗುತ್ತ ಬಂದ. “ಮುಖ್ಯಸ್ಥರೇ, ಮೊದ್ಲು ನನ್ನ ಮಡಿ ನೋಡಿ. ಎಂಥದೋ ಕಳೆ ಹುಟ್ಕೊಂಡಿದೆ. ನಿನ್ನೆಯಿಂದ ಕೀಳ್ತಾ ಇದೀನಿ, ಮುಗೀತಾನೇ ಇಲ್ಲ. ಎಲೆಕೋಸೇ ಕಾಣ್ತಿಲ್ಲ.”

ಅವನ ಕೈಯಲ್ಲಿ ಒಂದು ಹಿಡಿ ಕಳೆ ಇತ್ತು. ಅಜ್ಜಿ ನೋಡಿದಳು. ಬೆರಳುಗುರಿನಷ್ಟು ಎಲೆ, ಅಂಚಿಗೆ ಕುಂಕುಮದ ಎಳೆಯಂಥ ಕೆಂಪು. ಅವಳು ಬೇಲಿ ಹಿಡಿದು ಎದ್ದು ನಿಂತಳು. ಆ ಮಂಡಿಗಳು ಯಾರ ಸಹಾಯವೂ ಇಲ್ಲದೆ ನೆಟ್ಟಗಾದದ್ದನ್ನು ಡಾಲಾ ಇವತ್ತಿಗೂ ಅಂಗಡಿಗೆ ಬಂದವರಿಗೆ ಹೇಳುತ್ತಾಳೆ. ಬೇಲಿಯಾಚೆ ಸೂಫಾನನ ಮಡಿಯ ತುಂಬ, ಹುಲ್ಲಿನ ಸಂದಿ ಸಂದಿಯಲ್ಲಿ, ತಾಯಿಯ ಸೊಪ್ಪು. ಬಿತ್ತಿದ್ದಕ್ಕಿಂತ ಹೆಚ್ಚೇ ಹುಟ್ಟಿತ್ತು. ನದಿ ತನ್ನ ಕಡೆಯಿಂದಲೂ ಸ್ವಲ್ಪ ಸೇರಿಸಿರಬೇಕು.

“ಕಿತ್ತದ್ದು ಸಾಕು, ಕೈ ತೆಗಿ” ಎಂದಳು. ಕೊಡುವ ಮಾತು ಎಲ್ಲಿ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ.

ಫೂವಾಂಗ್ ಬಗ್ಗಿ ಒಂದು ಎಲೆ ಮುಟ್ಟಿದ. “ಇದು ದೊಡ್ಡಮ್ಮನ ಸೊಪ್ಪಲ್ವಾ? ಸೂಫಾನ್, ಈ ಹುಲ್ಲು ಎಲ್ಲಿಂದ ಬಂತು?”

“ನದಿ ಕೊಡ್ತು.”

“ಯಾರ ಮನೇಲಿ ಇಸ್ಕೊಂಡು ಕೊಡ್ತು?”

ಸೂಫಾನ್ ಮೇಲ್ಮುಖಕ್ಕೆ ನೋಡಿದ, ಬೋಳು ಮಡಿ ನೋಡಿದ, ಕೈಯಲ್ಲಿದ್ದ ಹಿಡಿ ನೋಡಿದ. “ಅಂದ್ರೆ ಅತ್ತಿಗೆ ಬೀಜಕ್ಕೆ ನಾನು ಪಂಪ್ ಹಾಕಿ ನೀರು ಬಿಟ್ನಾ?”

“ಬೆಳಿಗ್ಗೆ, ಸಂಜೆ” ಎಂದಳು ಡಾಲಾ. “ನಾವು ಮೇಲಿಂದ ನೋಡ್ತಿದ್ವಿ.”

ಫೂವಾಂಗ್ ತೀರ್ಪು ಹೇಳಿದ: ಅಜ್ಜಿ ನೀರಂಚಿನ ತನಕ ಬಿತ್ತಿದ್ದಾಳೆ, ಅದಕ್ಕೆ ಮೊಳೆತ ಸಸಿಯೇ ಸಾಕ್ಷಿ, ಪಟ್ಟಿ ಅವಳದು, ಸಸಿಗಳನ್ನು ಕಿತ್ತು ಅವಳ ಮಡಿಗೆ ನೆಡಬೇಕು, ಹೇಗೂ ಈ ಸೊಪ್ಪನ್ನು ಕಿತ್ತು ನೆಡುವುದೇ ರೂಢಿ, ಹುಲ್ಲು ತೆಗೆದುಕೊಂಡವನೇ ನೆಡತಕ್ಕದ್ದು.

ಸೂಫಾನ್ ಜಗಳ ಮಾಡಲಿಲ್ಲ. ಮಂಡಿಯೂರಿ, ಎಲೆಕೋಸಿನ ನಡುವಿನಿಂದ ಸಸಿಗಳನ್ನು ಮಣ್ಣುಸಮೇತ ಎತ್ತಿ, ಅಜ್ಜಿಯ ಮಡಿಯಲ್ಲಿ ನೆಡತೊಡಗಿದ. ತುಸು ಹೊತ್ತಿನ ಮೇಲೆ ತಲೆ ಎತ್ತದೆ, “ಪಟ್ಟಿ ನಂಗೆ ಬೇಕೇ ಬೇಕು ಅಂತ ಅಲ್ಲ ಅತ್ತಿಗೆ. ಥಿಯೆಂಗಣ್ಣ ನೀರು ಹೊತ್ತ ಜಾಗ ಬೋಳು ಬಿದ್ದಿರೋದು ನೋಡೋಕೆ ಆಗ್ತಿರಲಿಲ್ಲ” ಎಂದ.

“ಅವನು ನೀರು ಹೊತ್ತಿದ್ದು ಕಮ್ಮಿ, ಚೆಲ್ಲಿದ್ದು ಹೆಚ್ಚು” ಎಂದಳು ಅಜ್ಜಿ. ಆದರೆ ದನಿ ಮೆತ್ತಗಿತ್ತು. “ಒಂದು ಗೇಣು ಬಿಟ್ಟು ನೆಡು. ಇದು ನಿನ್ನ ಎಲೆಕೋಸಲ್ಲ, ಸಾಲಲ್ಲಿ ನಿಲ್ಸಿದ್ರೆ ಇದಕ್ಕೆ ಬೇಜಾರು.”

ಬಿಸಿಲು ಏರಿತು. ಮಡಿಯ ತುದಿಯಿಂದ ತುದಿಗೆ ಪುಟ್ಟ ಕೆಂಪಂಚುಗಳು ನಿಂತವು, ಹೊಸ ಜಾಗಕ್ಕೆ ಬಂದು ಸ್ವಲ್ಪ ಸೊರಗಿ, ಸ್ವಲ್ಪ ನಾಚಿ. ಎರಡು ಸಸಿಗಳನ್ನು ಹೂವಿಗೆ, ಬೀಜಕ್ಕೆ ಬಿಡುವಂತೆ ಅಜ್ಜಿ ಕಡ್ಡಿ ನೆಟ್ಟು ಗುರುತು ಮಾಡಿದಳು. ಆಮೇಲೆ ಇಡೀ ಹಿಡಿ ಕಡ್ಡಿ ತರಿಸಿ ಇನ್ನಷ್ಟಕ್ಕೆ ಗುರುತು ಮಾಡಿದಳು. ಕೆಳಗೆ ಮಕ್ಕಳು ಸಂಜೆಯ ದೀಪದ ದೋಣಿಗೆ ಬಾಳೆದಿಂಡು ತೊಳೆಯುತ್ತಿದ್ದರು.

ಫೂವಾಂಗ್ ಹೊರಡುವ ಮುನ್ನ ಅವಳನ್ನೂ, ಮೇಲಿನ ರಸ್ತೆಯ ತನಕ ನಿಂತ ಮೆಟ್ಟಿಲುಗಳನ್ನೂ ನೋಡಿದ. ಒರಟು ಮಾತಾಡುವವನಲ್ಲ ಅವನು, ಕೇಳಲೇಬೇಕಿತ್ತು, ಕೇಳಿದ.

“ಈ ವರ್ಷ ಆಯ್ತು ದೊಡ್ಡಮ್ಮ. ಮುಂದಿನ ವರ್ಷ ಈ ಮಂಡಿ ಇಟ್ಕೊಂಡು ಇಲ್ಲಿ ತನಕ ಬಂದು ಹೇಗೆ ಬಿತ್ತೀರಿ?”

“ನಾನ್ಯಾಕೆ ಇಲ್ಲಿ ತನಕ ಬರ್ಲಿ?” ಎಂದಳು ಒನ್‌ಕೇವಜ್ಜಿ, ಲಂಗದ ಮಣ್ಣು ಕೊಡವಿಕೊಳ್ಳುತ್ತ. “ಮೇಲೆ ಮರದ ನೆರಳಲ್ಲಿ ಕೂತ್ಕೊಂಡು ನೀರಿಗೇ ಬಿತ್ತೀನಿ. ಸೂಫಾನ್‌ಗೆ ಹೇಳು, ಮಡಿ ಚೆನ್ನಾಗಿ ಅಗೆದು ಇಟ್ಟಿರ್ಲಿ.”